ತನ್ನೂರಿಗೆ ಮತವಿಲ್ಲದ ಹಾಡಿನ ಸ್ಪರ್ಧೆ

ಹಾಡಿನ ಸ್ಪರ್ಧೆ ನಮಗಾರಿಗೂ ಹೊಸದಲ್ಲ. ದಾವಣಗೆರೆಯಾಗಲಿ ಹರಿಹರವಾಗಲಿ, ಗಣೇಶನ ಪೆಂಡಾಲಿನಿಂದ ಹಿಡಿದು ಶಾಲೆಯ ವಾರ್ಷಿಕೋತ್ಸವದವರೆಗೆ ಎಲ್ಲಿ ಮೈಕು ಇದೆಯೋ ಅಲ್ಲಿ ಸ್ಪರ್ಧೆಯೂ ಇದೆ. ದೂರದರ್ಶನದ ಪರದೆಯ ಮೇಲೆ ನಮ್ಮ ಕಡೆಯ ಹುಡುಗನೋ ಹುಡುಗಿಯೋ ಅಂತಿಮ ಸುತ್ತಿಗೆ ಬಂದರಂತೂ ಕೇಳುವುದೇ ಬೇಡ. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ. ‘ನಮ್ಮೂರಿನ ಮಗುವಿಗೇ ಮತ ಹಾಕಿ’ ಎಂಬ ವಿನಂತಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಹೊಳೆಯಾಚೆಯ ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ ಹನುಮಂತ ಲಮಾಣಿ 2019ರಲ್ಲಿ ‘ಸರಿಗಮಪ’ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದಾಗ, ಅವನನ್ನು ನಮ್ಮವನೇ ಎಂದುಕೊಂಡವರು ಈಚೆ ದಡದಲ್ಲೂ ಕಡಿಮೆಯಿರಲಿಲ್ಲ.

ಈ ಅಭಿಮಾನ ತಪ್ಪಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಹೀಗೆ ಮತ ಹಾಕುವಾಗ ನಾವು ಅಳೆಯುತ್ತಿರುವುದು ಹಾಡನ್ನೋ, ಊರಿನ ಜನಸಂಖ್ಯೆಯನ್ನೋ? 2011ರ ಜನಗಣತಿಯ ಪ್ರಕಾರ ದಾವಣಗೆರೆ ನಗರದಲ್ಲಿ 4 ಲಕ್ಷ 30 ಸಾವಿರಕ್ಕೂ ಹೆಚ್ಚು ಜನರಿದ್ದರು. ಹದಿನಾಲ್ಕು ಕಿಲೋಮೀಟರ್ ಆಚೆಯ ಹರಿಹರದಲ್ಲಿ ಸುಮಾರು 80 ಸಾವಿರ. ಎಲ್ಲರೂ ತಂತಮ್ಮ ಊರಿಗೇ ಮತ ಹಾಕಿದರೆ ಹರಿಹರದ ಹುಡುಗಿ ಎಷ್ಟೇ ಚೆನ್ನಾಗಿ ಹಾಡಲಿ, ದಾವಣಗೆರೆಯ ಹುಡುಗನನ್ನು ಎಂದೂ ಗೆಲ್ಲಲಾರಳು. ಇದು ಸಂಗೀತವಲ್ಲ, ಬರೀ ಅಂಕಗಣಿತ.

ಈ ತೊಡಕಿಗೆ ಬಹಳ ಹಿಂದೆಯೇ ಉತ್ತರ ಹುಡುಕಿದ ಸ್ಪರ್ಧೆಯೊಂದಿದೆ. ಅದರ ಹೆಸರು ಯುರೋವಿಷನ್. 1956ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ ಏಳು ದೇಶಗಳು ಸೇರಿ ಇದನ್ನು ಪ್ರಾರಂಭಿಸಿದವು. ಒಂದೇ ಕಾರ್ಯಕ್ರಮವನ್ನು ಹಲವು ದೇಶಗಳಲ್ಲಿ ಏಕಕಾಲಕ್ಕೆ ನೇರಪ್ರಸಾರ ಮಾಡಲು ಸಾಧ್ಯವೇ ಎಂಬ ತಾಂತ್ರಿಕ ಪ್ರಯೋಗವೂ ಅದಾಗಿತ್ತು. ಮೊದಲ ವರ್ಷ ತೀರ್ಪುಗಾರರು ತಮ್ಮ ದೇಶಕ್ಕೇ ಅಂಕ ಕೊಡಬಹುದಿತ್ತು. ಆತಿಥೇಯ ಸ್ವಿಟ್ಜರ್ಲೆಂಡೇ ಗೆದ್ದಿತು. ಯಾರಿಗೆ ಎಷ್ಟು ಅಂಕ ಎಂಬುದು ಪ್ರಕಟವಾಗಲೇ ಇಲ್ಲ. ಮರುವರ್ಷದಿಂದ ನಿಯಮ ಬದಲಾಯಿತು: ಯಾವ ದೇಶವೂ ತನಗೆ ತಾನು ಮತ ಹಾಕುವಂತಿಲ್ಲ. ಇಂದಿಗೂ ಅದೇ ನಿಯಮ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಎಂಟು ಕೋಟಿ ಜನರ ಜರ್ಮನಿಯ ಜನಮತ ಒಂದು ಹಾಡಿಗೆ ಕೊಡುವ ಗರಿಷ್ಠ ಅಂಕ 12. ಹೆಚ್ಚುಕಡಿಮೆ ದಾವಣಗೆರೆಯಷ್ಟೇ ಜನರಿರುವ ಮಾಲ್ಟಾದ ಜನಮತ ಕೊಡುವ ಗರಿಷ್ಠ ಅಂಕವೂ 12.

ಈಗ ಆಸ್ಟ್ರೇಲಿಯಾದ ಕಥೆಗೆ ಬರೋಣ. ಯುರೋಪಿನಿಂದ ಅರ್ಧ ಭೂಗೋಳದಾಚೆ ಇರುವ ಆ ದೇಶಕ್ಕೆ ಈ ಸ್ಪರ್ಧೆಯ ಹುಚ್ಚು ಹಿಡಿದು ನಾಲ್ಕು ದಶಕ ಕಳೆದಿವೆ. ಎರಡನೆಯ ಮಹಾಯುದ್ಧದ ನಂತರ ಗ್ರೀಸ್, ಇಟಲಿ, ಮಾಲ್ಟಾ, ಯುಗೋಸ್ಲಾವಿಯಗಳಿಂದ ಲಕ್ಷಾಂತರ ಜನ ಅಲ್ಲಿಗೆ ವಲಸೆ ಹೋದರು. ಅವರಂಥ ಬಹುಭಾಷಿಕ ವೀಕ್ಷಕರಿಗಾಗಿ ಎಸ್‌ಬಿಎಸ್ ಎಂಬ ಸರ್ಕಾರಿ ವಾಹಿನಿ 1980ರಲ್ಲಿ ಹುಟ್ಟಿತು; 1983ರಿಂದ ಯುರೋವಿಷನ್ ಪ್ರಸಾರ ಮಾಡತೊಡಗಿತು. ಬಿಟ್ಟುಬಂದ ಊರಿನ ಭಾಷೆ, ಊರಿನ ರಾಗ ವರ್ಷಕ್ಕೊಮ್ಮೆ ಮನೆಯೊಳಗೆ ಕೇಳಿಸುತ್ತಿತ್ತು. ಅಜ್ಜ-ಅಜ್ಜಿಯರ ಜೊತೆ ಕುಳಿತು ನೋಡಿದ ಮಕ್ಕಳು ದೊಡ್ಡವರಾದ ಮೇಲೆ ಅದನ್ನೇ ಹಬ್ಬ ಮಾಡಿಕೊಂಡರು. ಯುರೋಪಿನಲ್ಲಿ ಶನಿವಾರ ರಾತ್ರಿ 9 ಗಂಟೆಗೆ ಅಂತಿಮ ಸುತ್ತು ಶುರುವಾದರೆ ನಮ್ಮಲ್ಲಿ ನಡುರಾತ್ರಿ 12-30, ಸಿಡ್ನಿಯಲ್ಲಿ ಭಾನುವಾರ ಬೆಳಗಿನ 5 ಗಂಟೆ. ಆ ಹೊತ್ತಿಗೆ ಎದ್ದು ಕೂರುವವರದು ತೋರಿಕೆಯ ಉತ್ಸಾಹವಲ್ಲ.

ಈ ನಿಷ್ಠೆಯನ್ನು ಕಂಡು 2015ರಲ್ಲಿ, ಸ್ಪರ್ಧೆಯ 60ನೆಯ ವರ್ಷ, ಆಸ್ಟ್ರೇಲಿಯಾವನ್ನೇ ಸ್ಪರ್ಧಿಸಲು ಕರೆದರು. ಗೈ ಸೆಬಾಸ್ಟಿಯನ್ ಹಾಡಿ ಐದನೆಯ ಸ್ಥಾನ ಪಡೆದರು. ಮರುವರ್ಷ ಸ್ಟಾಕ್‌ಹೋಮಿನಲ್ಲಿ ಕೊರಿಯಾ ಮೂಲದ ಡಾಮಿ ಇಮ್ ಹಾಡಿದಾಗ ನಡೆದದ್ದು ಇನ್ನೂ ಸ್ವಾರಸ್ಯಕರ. ಅಲ್ಲಿ ತೀರ್ಪಿನ ಅರ್ಧ ಭಾಗ ಸಂಗೀತ ಬಲ್ಲ ತೀರ್ಪುಗಾರರದು, ಇನ್ನರ್ಧ ಜನರ ದೂರವಾಣಿ ಮತ. ತೀರ್ಪುಗಾರರು ಆಸ್ಟ್ರೇಲಿಯಾಕ್ಕೆ 320 ಅಂಕ ಕೊಟ್ಟು ಮೊದಲ ಸ್ಥಾನದಲ್ಲಿಟ್ಟರು. ಜನ ರಷ್ಯಾಕ್ಕೆ 361 ಅಂಕ ಕೊಟ್ಟು ಮೊದಲು ಮಾಡಿದರು. ಗೆದ್ದದ್ದು ಇವೆರಡೂ ಅಲ್ಲ. ಎರಡೂ ಕಡೆ ಎರಡನೆಯದಾಗಿದ್ದ ಉಕ್ರೇನ್! ಅದಕ್ಕೆ ಒಟ್ಟು 534, ಆಸ್ಟ್ರೇಲಿಯಾಕ್ಕೆ 511, ರಷ್ಯಾಕ್ಕೆ 491.

ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಹೊಯ್ಸಳರ ಕಾಲದ ದೇವಾಲಯದಲ್ಲಿ ನಿಂತಿರುವ ಮೂರ್ತಿ ಅರ್ಧ ಹರಿ, ಅರ್ಧ ಹರ. ಒಂದು ಅರ್ಧವನ್ನಷ್ಟೇ ಪೂಜಿಸುತ್ತೇನೆಂದರೆ ಹರಿಹರೇಶ್ವರ ಉಳಿಯುವುದಿಲ್ಲ. ಬಲ್ಲವರ ಕಿವಿ, ಬಹುಜನರ ಮನಸ್ಸು, ಎರಡೂ ಒಪ್ಪಿದ ಹಾಡೇ ದಡ ಸೇರುತ್ತದೆ.

ಈ ಪದ್ಧತಿ ದೋಷರಹಿತವೇನಲ್ಲ. ಗ್ರೀಸ್ ಮತ್ತು ಸೈಪ್ರಸ್ 12 ಅಂಕಗಳನ್ನು ಪರಸ್ಪರ ಬಾಗಿನದಂತೆ ಕೊಟ್ಟುಕೊಳ್ಳುವುದು ಅಲ್ಲಿ ಹಳೆಯ ತಮಾಷೆ. ರಾಜಕೀಯವೂ ನುಸುಳುತ್ತದೆ, ಉಕ್ರೇನಿನ ಮೇಲೆ ಯುದ್ಧ ಶುರುವಾದ 2022ರಲ್ಲಿ ರಷ್ಯಾವನ್ನು ಹೊರಗಿಟ್ಟರು, ಉಕ್ರೇನ್ ಗೆದ್ದಿತು. ಆದರೂ ಒಂದು ಗುಣವನ್ನು ಒಪ್ಪಲೇಬೇಕು. ತನಗೆ ಮತ ಹಾಕಿಕೊಳ್ಳಲಾಗದವನು ಪರರ ಹಾಡನ್ನು ಕೇಳಲೇಬೇಕಾಗುತ್ತದೆ.

ಗಡಿಯಾಚೆಯ ಹಾಡಿಗೆ ಕಿವಿಗೊಡುವುದು ನಮ್ಮ ಹಿರಿಯರಿಗೂ ಗೊತ್ತಿತ್ತು. 1952ರಿಂದ 62ರವರೆಗೆ ಪ್ರಸಾರ ಖಾತೆಯ ಸಚಿವರಾಗಿದ್ದ ಬಿ. ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಹಾಕಿದಾಗ ಕೇಳುಗರು ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆ ತಿರುಗಿಸಿದರು. ಕಿರುತರಂಗಗಳು ಆಕಾಶದಲ್ಲಿ ನೂರಾರು ಕಿಲೋಮೀಟರ್ ಮೇಲಿನ ಅಯಾನುಗೋಳಕ್ಕೆ ಬಡಿದು ಬಾಗಿ ಮತ್ತೆ ನೆಲಕ್ಕಿಳಿಯುತ್ತವೆ. ಅದಕ್ಕೇ ಕೊಲಂಬೋದ ಧ್ವನಿ ಸಮುದ್ರ ದಾಟಿ ನಮ್ಮ ಬಯಲುಸೀಮೆಗೂ ತಲುಪುತ್ತಿತ್ತು. 1952ರ ಕೊನೆಯಲ್ಲಿ ಆರಂಭವಾದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಬುಧವಾರ ರಾತ್ರಿ 8 ಗಂಟೆಗೆ ಹಾಡುಗಳನ್ನು ಪಾಯಿದಾನ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಿತ್ತು. ಸ್ಥಾನ ನಿರ್ಧರಿಸುತ್ತಿದ್ದುದು ರೆಕಾರ್ಡುಗಳ ಮಾರಾಟ ಮತ್ತು ಕೇಳುಗರ ಸಂಘಗಳ ಅಭಿಪ್ರಾಯ. ಕೇಳುಗನ ಊರಿಗೆ ಅಲ್ಲಿ ಸ್ಪರ್ಧಿಯೇ ಇರಲಿಲ್ಲ; ಹಾಗಾಗಿ ಅವನು ಹಾಡಿಗೇ ಮತ ಹಾಕುತ್ತಿದ್ದ. ಭಾಷೆ ಬಾರದಿದ್ದವರೂ ರಾಗ ಗುನುಗುತ್ತಿದ್ದರು.

ಇಂದು ಆ ಅವಕಾಶ ಇನ್ನೂ ಹತ್ತಿರವಾಗಿದೆ. 2023ರಿಂದ ಯುರೋವಿಷನ್‌ನಲ್ಲಿ ಭಾಗವಹಿಸದ ದೇಶಗಳ ವೀಕ್ಷಕರೂ ಅಂತರ್ಜಾಲದಲ್ಲಿ ಹಣ ತೆತ್ತು ಮತ ಹಾಕಬಹುದು. ಅವೆಲ್ಲ ಸೇರಿ ಒಂದು ದೇಶದ ಮತವೆಂದು ಲೆಕ್ಕ. ದಾವಣಗೆರೆಯ ಮನೆಯೊಂದರಿಂದ ಮಾಲ್ಟಾದ ಗಾಯಕಿಗೆ ಅಂಕ ಹೋಗುವುದು ಈಗ ಕಲ್ಪನೆಯಲ್ಲ.

ಆದರೆ ಅಷ್ಟು ದೂರ ಹೋಗುವ ಮುನ್ನ ಹತ್ತಿರದಲ್ಲೇ ಒಂದು ಪ್ರಯೋಗ ಮಾಡಬಹುದಲ್ಲವೇ? ಮುಂದಿನ ಗಣೇಶೋತ್ಸವದಲ್ಲಿ ಎರಡೂ ಊರಿನ ಬಡಾವಣೆಗಳು ಒಂದೊಂದು ದೇಶವಾಗಲಿ. ನಿಟ್ಟುವಳ್ಳಿಯವರು ನಿಟ್ಟುವಳ್ಳಿಗೆ ಮತ ಹಾಕುವಂತಿಲ್ಲ, ವಿದ್ಯಾನಗರದವರು ವಿದ್ಯಾನಗರಕ್ಕೆ ಹಾಕುವಂತಿಲ್ಲ. ಹರಿಹರದ ಕೇರಿಗಳಿಗೂ ಅದೇ ನಿಯಮ. ದೊಡ್ಡ ಬಡಾವಣೆಗೂ ಚಿಕ್ಕ ಕೇರಿಗೂ ಸಮಾನ ಅಂಕ. ಅರ್ಧ ತೀರ್ಪು ಸಂಗೀತ ಶಿಕ್ಷಕರದು, ಅರ್ಧ ಸಭಿಕರದು. ಖರ್ಚೇನೂ ಹೆಚ್ಚಾಗದು, ಒಂದು ಹಲಗೆ, ಒಂದು ಸೀಮೆಸುಣ್ಣ ಸಾಕು.

ಇಪ್ಪತ್ತು ವರ್ಷಗಳಿಂದ ಕಾರ್ಯಕ್ರಮ ನಿರ್ಮಾಣದಲ್ಲಿರುವ ನಾನು ಕ್ಯಾಮರಾದ ಹಿಂದಿನಿಂದ ಗಮನಿಸಿದ್ದೇನೆ: ಸೋತ ಮಗು ಫಲಿತಾಂಶದ ಪಟ್ಟಿಯನ್ನು ನೋಡುವುದಿಲ್ಲ, ಸಭೆಯ ಮುಖಗಳನ್ನು ನೋಡುತ್ತದೆ. ತನ್ನನ್ನು ಯಾರಾದರೂ ಕೇಳಿದರೇ ಎಂಬುದೇ ಅದರ ಪ್ರಶ್ನೆ. ಬಂಧುಬಳಗವಿಲ್ಲದ, ಫ್ಲೆಕ್ಸ್ ಕಟ್ಟುವವರಿಲ್ಲದ ಪುಟ್ಟ ಊರಿನ ಮಗುವಿಗೂ ‘ಹೌದು, ಕೇಳಿದೆವು’ ಎಂದು ಹೇಳುವ ಸಭಿಕರು ನಾವಾಗಬೇಕು. ಹಾಡುವ ಮಕ್ಕಳಿಗೆ ನಮ್ಮಲ್ಲಿ ಬರವಿಲ್ಲ. ಕೇಳುವ ಹಿರಿಯರು ಹೆಚ್ಚಲಿ.