ಬೆಟ್ಟ ಹತ್ತಿದ ಇಬ್ಬರು ಮೇಷ್ಟ್ರು

1865ರ ಆಗಸ್ಟ್ 30ರ ಬೆಳಗಿನ ಜಾವ. ಸ್ವಿಟ್ಜರ್ಲೆಂಡಿನ ಬ್ರಿಯೆಂಜ್ ಸರೋವರದ ಕಡೆಯಿಂದ ಇಬ್ಬರು ಪ್ರಾಧ್ಯಾಪಕರು ಫೌಲ್‌ಹಾರ್ನ್ ಬೆಟ್ಟ ಹತ್ತಲು ಹೊರಟರು. ಒಬ್ಬರು ಅಡಾಲ್ಫ್ ಫಿಕ್, ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಓದಿದವರು. ಇನ್ನೊಬ್ಬರು ಯೋಹಾನೆಸ್ ವಿಸ್ಲಿಸೇನುಸ್, ರಸಾಯನಶಾಸ್ತ್ರದ ಮೇಷ್ಟ್ರು. ಹಿಂದಿನ ದಿನ ಮಧ್ಯಾಹ್ನದಿಂದ ಇಬ್ಬರೂ ಮಾಂಸ, ಮೊಟ್ಟೆ, ಹಾಲು ಏನನ್ನೂ ಮುಟ್ಟಿರಲಿಲ್ಲ. ಪಿಷ್ಟವನ್ನು ಕಲಸಿ ಕೊಬ್ಬಿನಲ್ಲಿ ಕರಿದ ಬಿಲ್ಲೆಗಳೇ ಊಟ. ಜೊತೆಗೆ ಸಕ್ಕರೆ ಹಾಕಿದ ಚಹಾ. ಅಷ್ಟೇ ಅಲ್ಲ, ಹತ್ತುವಾಗಲೂ ಹತ್ತಿದ ಮೇಲೂ ಮಾಡಿದ ಮೂತ್ರವನ್ನು ಜೋಪಾನವಾಗಿ ಹಿಡಿದಿಟ್ಟರು. ನಗು ಬಂದರೆ ನಕ್ಕುಬಿಡಿ. ಆ ಮೂತ್ರದಲ್ಲೇ ಇತ್ತು ಅವರಿಗೆ ಬೇಕಾದ ಉತ್ತರ.

ಪ್ರಶ್ನೆ ಇದು: ಸ್ನಾಯು ಕೆಲಸ ಮಾಡುವಾಗ ಏನನ್ನು ಉರಿಸುತ್ತದೆ? ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞ ಲೀಬಿಗ್, ಸ್ನಾಯು ತನ್ನ ಪ್ರೋಟೀನನ್ನೇ ಸುಟ್ಟು ಶಕ್ತಿ ಪಡೆಯುತ್ತದೆ ಎಂದಿದ್ದರು. ಸ್ನಾಯು ಆಗಿರುವುದೇ ಪ್ರೋಟೀನಿನಿಂದ ತಾನೇ? ಹಾಗಾಗಿ ಮಾತು ಸರಿ ಎಂದೇ ಬಹಳ ಮಂದಿ ಒಪ್ಪಿಕೊಂಡಿದ್ದರು.

ಇದನ್ನು ಪರೀಕ್ಷಿಸಲು ಒಂದು ಸುಳಿವು ಸಿಕ್ಕಿತ್ತು. ಪ್ರೋಟೀನಿನಲ್ಲಿ ಸಾರಜನಕ ಇರುತ್ತದೆ. ಪಿಷ್ಟ, ಸಕ್ಕರೆ, ಕೊಬ್ಬಿನಲ್ಲಿ ಇರುವುದಿಲ್ಲ. ದೇಹ ಪ್ರೋಟೀನನ್ನು ಒಡೆದಾಗ ಆ ಸಾರಜನಕ ಹೆಚ್ಚಾಗಿ ಯೂರಿಯಾ ಆಗಿ ಮೂತ್ರದಲ್ಲಿ ಹೊರಬೀಳುತ್ತದೆ. ಮೂತ್ರದಲ್ಲಿ ಎಷ್ಟು ಸಾರಜನಕ ಇದೆ ಎಂದು ಅಳೆದರೆ ಎಷ್ಟು ಪ್ರೋಟೀನ್ ಖರ್ಚಾಯಿತು ಎಂದು ತಿಳಿಯುತ್ತದೆ. ಮೇಷ್ಟ್ರುಗಳ ಲೆಕ್ಕದಲ್ಲಿ ಅದು ತಲಾ ಸುಮಾರು 37 ಗ್ರಾಂ.

ಈಗ ಪೆನ್ಸಿಲ್ ಹಿಡಿಯಿರಿ. ಫಿಕ್ ತೂಕ 66 ಕಿಲೋ. ಹತ್ತಿದ ಎತ್ತರ 1,956 ಮೀಟರ್. ಭೂಮಿ ಕೆಳಕ್ಕೆಳೆಯುತ್ತಿದ್ದ ದೇಹವನ್ನು ಅಷ್ಟು ಮೇಲಕ್ಕೆ ಒಯ್ಯಲು ಬೇಕಾದ ಕೆಲಸ: 66 × 9.8 × 1,956. ಸುಮಾರು 12 ಲಕ್ಷ 65 ಸಾವಿರ ಜೂಲ್. ಒಂದು ಕಿಲೋಕ್ಯಾಲೊರಿಗೆ 4,184 ಜೂಲ್, ಹಾಗಾಗಿ ಇದು ಸುಮಾರು 302 ಕಿಲೋಕ್ಯಾಲೊರಿ. ಪ್ರೋಟೀನ್ ಗ್ರಾಂಗೆ ಕೊಡುವುದು ಸುಮಾರು 4 ಕಿಲೋಕ್ಯಾಲೊರಿ. 37 ಗ್ರಾಂಗೆ 148. ಬೇಕಾದದ್ದರ ಅರ್ಧವೂ ಆಗಲಿಲ್ಲ! ಎದೆ ಬಡಿಯಲು, ಉಸಿರಾಡಲು, ಮೈ ಬೆಚ್ಚಗಿರಲು ಆದ ಖರ್ಚು ಇದರಲ್ಲಿ ಸೇರಿಯೇ ಇಲ್ಲ. ಹಾಗಾದರೆ ಬೆಟ್ಟ ಹತ್ತಿಸಿದ್ದು ಆ ಕರಿದ ಬಿಲ್ಲೆಗಳೂ ಮೈಯಲ್ಲಿ ಮೊದಲೇ ಇದ್ದ ಸಕ್ಕರೆಯ ದಾಸ್ತಾನು, ಕೊಬ್ಬೂ. ಮರುವರ್ಷ ಲಂಡನ್ನಿನಲ್ಲಿ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ (ಇವರು ಫಿಕ್ ಅವರ ಭಾವ, ಮನೆಮಂದಿಯೆಲ್ಲ ಇದೇ ಕಸುಬು!) ಪ್ರೋಟೀನನ್ನು ನಿಜವಾಗಿಯೇ ಸುಟ್ಟು ಅದರ ಶಾಖ ಅಳೆದು ಈ ಲೆಕ್ಕವನ್ನು ಗಟ್ಟಿಮಾಡಿದರು.

ಗೋಡೆ ಕಟ್ಟುವ ಇಟ್ಟಿಗೆ ಬೇರೆ, ಒಲೆಗೆ ಹಾಕುವ ಸೌದೆ ಬೇರೆ. ಪ್ರೋಟೀನಿನ ಮುಖ್ಯ ಕೆಲಸ ಇಟ್ಟಿಗೆಯದು. ಸೌದೆ ತೀರಾ ಕಡಿಮೆಯಾದಾಗ ದೇಹ ಅದನ್ನೂ ಉರಿಸುತ್ತದೆ ಅನ್ನುವುದು ನಿಜ. ಜಿಮ್ಮಿನ ಅಣ್ಣಂದಿರು ಡಬ್ಬಿಗಟ್ಟಲೆ ಪ್ರೋಟೀನ್ ಪುಡಿ ಕುಡಿಯುವುದನ್ನು ನೋಡಿ ನಿಮಗೂ ಆಸೆಯಾಗಿದ್ದರೆ ಈ ಬೆಟ್ಟದ ಕಥೆ ನೆನಪಿರಲಿ. ಬೆಳೆಯುವ ಮೈಗೆ ಪ್ರೋಟೀನ್ ಬೇಕೇ ಬೇಕು. ಬೇಳೆ, ಹುರುಳಿ, ಕಡಲೆ, ಮೊಸರು, ಮೊಟ್ಟೆಯಲ್ಲಿ ಅದಿದೆ. ಆದರೆ ಓಡುವ ಮುನ್ನ ಕಾಲಿಗೆ ಬಲ ಬರಬೇಕೆಂದರೆ ಅನ್ನ, ಮುದ್ದೆ, ಚಪಾತಿಯನ್ನು ಬಿಡಬೇಡಿ.

ಶಾಲೆಗೆ ಹೋಗದೆ ಮನೆಯಲ್ಲೇ ಓದುವ ನಿಮ್ಮಂಥ ಕೆಲವರಿಗೆ ಕಸರತ್ತಿನ ಹುಚ್ಚು ಇರುತ್ತದೆ. "ಬೆಳಗಾದರೆ ದಂಡ, ಬಸ್ಕಿ, ಪುಸ್ತಕ ಮಾತ್ರ ಮುಟ್ಟಲ್ಲ" ಎಂದು ಅಮ್ಮ ಗೊಣಗುತ್ತಿರಬಹುದು. ಅಮ್ಮನಿಗೆ ಫಿಕ್ ಮೇಷ್ಟ್ರ ಕಥೆ ಹೇಳಿ. ಆ ಬೆಟ್ಟದ ಮೇಲೆ ಭೌತಶಾಸ್ತ್ರದ ಪಿರಿಯಡ್ ಮುಗಿದು ರಸಾಯನಶಾಸ್ತ್ರದ ಪಿರಿಯಡ್ ಶುರುವಾಗಲಿಲ್ಲ. ಪ್ರಶ್ನೆ ಒಂದೇ ಇತ್ತು, ಅದಕ್ಕೆ ಎಲ್ಲವೂ ಬೇಕಾಯಿತು. ಮನೆಯಲ್ಲೇ ಓದುವವರಿಗೆ ಹೀಗೆ ಕಲಿಯುವುದು ಸುಲಭ. ಗಂಟೆ ಬಾರಿಸುವವರು ಯಾರೂ ಇಲ್ಲವಲ್ಲ.

ನಿಮ್ಮ ಊರಲ್ಲೂ ಒಂದು ಬೆಟ್ಟ ಇದ್ದೇ ಇರುತ್ತದೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟ, ಸಾವಿರದಷ್ಟು ಮೆಟ್ಟಿಲು. ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದೆ. ಹಾಗೆಂದು ನೀವು 1,060 ಮೀಟರ್ ಹತ್ತುವುದಿಲ್ಲ, ಮೈಸೂರೇ ಸುಮಾರು 770 ಮೀಟರ್ ಎತ್ತರದಲ್ಲಿದೆ! ಮೆಟ್ಟಿಲು ಶುರುವಾಗುವ ಜಾಗದ ಎತ್ತರವನ್ನು ಭೂಪಟದ ಸಮೋನ್ನತಿ ರೇಖೆಗಳಲ್ಲಿ ಹುಡುಕಿ. ನೀವು 50 ಕಿಲೋ ತೂಗುತ್ತೀರಿ, 250 ಮೀಟರ್ ಹತ್ತಿದಿರಿ ಎಂದಿಟ್ಟುಕೊಳ್ಳೋಣ. ಕೆಲಸ 1,22,500 ಜೂಲ್, ಅಂದರೆ ಬರೀ 29 ಕಿಲೋಕ್ಯಾಲೊರಿ. ಇಷ್ಟೇನಾ ಎಂದು ಬೇಜಾರಾಗಬೇಡಿ. ಸ್ನಾಯು ತಾನು ಉರಿಸಿದ್ದರಲ್ಲಿ ಸುಮಾರು ಕಾಲುಭಾಗವನ್ನಷ್ಟೇ ಕೆಲಸವಾಗಿ ಮಾಡುತ್ತದೆ, ಉಳಿದದ್ದು ಶಾಖವಾಗುತ್ತದೆ. ಬೆವರು ಸುರಿಯುವುದು ಅದಕ್ಕೇ. ನಾಲ್ಕರಿಂದ ಗುಣಿಸಿದರೆ 116. ಒಂದು ದೊಡ್ಡ ಬಾಳೆಹಣ್ಣಿನಷ್ಟು. ಕೈಗಡಿಯಾರವೋ ಮೊಬೈಲೋ ನಿಮಗೆ ಬೇರೆ ಸಂಖ್ಯೆ ತೋರಿಸಿದರೆ, ಅದು ಯಾವ ಲೆಕ್ಕ ಹಾಕಿರಬಹುದು ಎಂದು ಜಗಳಕ್ಕೆ ನಿಲ್ಲಿ.

ತುದಿ ತಲುಪಿದ ಕೂಡಲೇ ಮಣಿಕಟ್ಟಿನ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಪ್ರತಿ ನಿಮಿಷ ಹೀಗೇ ಬರೆದುಕೊಂಡು ನಕ್ಷೆಹಾಳೆಯಲ್ಲಿ ಚುಕ್ಕೆ ಇಡಿ. ಸಾಲು ನೇರವಾಗಿ ಇಳಿಯುವುದಿಲ್ಲ. ಮೊದಲು ಸರ್ರನೆ ಇಳಿದು ಆಮೇಲೆ ನಿಧಾನವಾಗುತ್ತದೆ. ಅಭ್ಯಾಸವಾದ ಹಾಗೆ ಆ ಮೊದಲ ಇಳಿತ ಇನ್ನೂ ಕಡಿದಾಗುತ್ತದೆ.

ಇಳಿಯುವಾಗ ಒಂದು ಒಗಟು ಇದೆ. ಇಳಿಯಲು ಉಸಿರು ಕಟ್ಟುವುದಿಲ್ಲ, ಎದೆ ಡವಡವ ಅನ್ನುವುದಿಲ್ಲ. ಆದರೂ ಮಾರನೆಯ ದಿನ ತೊಡೆ ಹಿಡಿದುಕೊಳ್ಳುವುದು ಹೆಚ್ಚಾಗಿ ಇಳಿದದ್ದರಿಂದಲೇ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಎಳೆಯುತ್ತದೆ. ಇಳಿಯುವಾಗ ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತಾ ನಿಮ್ಮನ್ನು ತಡೆದು ಹಿಡಿಯುತ್ತದೆ. ಆ ಜಗ್ಗಾಟದಲ್ಲಿ ಅದರ ಎಳೆಗಳಿಗೆ ಸಣ್ಣ ಸಣ್ಣ ಗಾಯಗಳಾಗುತ್ತವೆ. ಲ್ಯಾಕ್ಟಿಕ್ ಆಮ್ಲದಿಂದ ನೋವು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಒಂದೆರಡು ಗಂಟೆಯಲ್ಲೇ ರಕ್ತದಿಂದ ಕರಗಿಹೋಗಿರುತ್ತದೆ. ಈ ನೋವು ಜೋರಾಗುವುದು ಒಂದೆರಡು ದಿನ ಬಿಟ್ಟು. ಗಾಯ ರಿಪೇರಿಗೆ ಬೇಕಾದದ್ದು ಪ್ರೋಟೀನ್. ಎರಡು ವಾರ ಬಿಟ್ಟು ಅದೇ ಮೆಟ್ಟಿಲು ಇಳಿದು ನೋಡಿ, ನೋವು ಮೊದಲಿನಷ್ಟು ಇರುವುದಿಲ್ಲ.