ಅಣ್ಣತಮ್ಮಂದಿರ ಕಾಳಗ, ಆನೆಕೆರೆಯ ವೀರಗಲ್ಲು

ಕೆರೆ ಹಿಡಿದು ಕೂತ ದಂಡು ಸುಲಭಕ್ಕೆ ಕದಲುವುದಿಲ್ಲ. ಆಳಿಗೆ ನೀರು, ಕುದುರೆಗೆ ಹುಲ್ಲು ಅಲ್ಲೇ ಸಿಗುತ್ತದೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿನ ಆನೆಕೆರೆಯ ಬಳಿ ಬೀಡುಬಿಟ್ಟು ಊರಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಅವನನ್ನು ಹಿಮ್ಮೆಟ್ಟಿಸಿದ. ತಾನು ಮಾತ್ರ ಮನೆಗೆ ಮರಳಲಿಲ್ಲ. ಇದನ್ನು ಹೇಳುವುದು ಹಾನಗಲ್ಲಿನದೇ ಒಂದು ವೀರಗಲ್ಲು. ಈ ಸೀಮೆಯ ಎಷ್ಟೋ ವೀರಗಲ್ಲುಗಳು ತುರುಗೋಳಿನಲ್ಲೋ ಊರಳಿವಿನಲ್ಲೋ ಸತ್ತವರವು. ಸೋಹಣಿಯ ಕಲ್ಲು ಮುತ್ತಿಗೆಯದು; ಕಲ್ಲುಕುಟಿಗ ಕಾಳಗವನ್ನು ಬಲು ಹುರುಪಿನಿಂದ ಕಂಡರಿಸಿದ್ದಾನೆ.

ನೋಡಿದವರಿಗೆ ಇದು ಎರಡು ರಾಜ್ಯಗಳ ಯುದ್ಧ ಅನ್ನಿಸುತ್ತದೆ. ಆದರೆ ಬಲ್ಲಾಳನ ಹಿರೀಕರೂ ಕಾಮದೇವನ ಹಿರೀಕರೂ ಒಂದೇ ಗದ್ದುಗೆಗೆ ತಲೆಬಾಗಿದ್ದ ಸಾಮಂತರು. ಕಲ್ಯಾಣದ ಚಾಲುಕ್ಯರ ಆ ಗದ್ದುಗೆಗೆ ಬಿರುಕು ಬಿದ್ದದ್ದು ನೂರಿಪ್ಪತ್ತು ವರ್ಷ ಮೊದಲು, ಒಂದೇ ಮನೆಯ ಅಣ್ಣತಮ್ಮಂದಿರ ಜಗಳದಲ್ಲಿ.

1068ರಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರ ವಾಸಿಯಾಗದ ಕಾಯಿಲೆಯಿಂದ ಬೇಸತ್ತು ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣಬಿಟ್ಟ. ಪಟ್ಟ ಹಿರಿಯ ಮಗ ಎರಡನೆಯ ಸೋಮೇಶ್ವರನಿಗೆ ಬಂತು. ತಮ್ಮ ವಿಕ್ರಮಾದಿತ್ಯನೇನೂ ಬರಿಗೈಯವನಲ್ಲ. 1055ರಷ್ಟು ಹಿಂದೆಯೇ ಗಂಗವಾಡಿ ತೊಂಬತ್ತಾರು ಸಾವಿರ, ಬನವಾಸಿ ಹನ್ನೆರಡು ಸಾವಿರ ಅವನ ಕೈಯಲ್ಲಿದ್ದವೆಂದು ಈಗಿನ ಶಿಗ್ಗಾಂವಿ ತಾಲೂಕಿನ ಬಂಕಾಪುರದ ಶಾಸನ ಹೇಳುತ್ತದೆ. ಅಣ್ಣ ಪಟ್ಟಕ್ಕೆ ಬಂದಮೇಲೆ ಅದೇ ಬಂಕಾಪುರದಲ್ಲಿ ಕೂತು ಬನವಾಸಿ ನಾಡನ್ನು ಆಳಿದವನು ಅಣ್ಣನ ಕಡೆಯ ಗಂಗ ಉದಯಾದಿತ್ಯ. ಉಂಡ ಹೊಲ ಪರರ ಪಾಲಾದರೆ ಯಾವ ತಮ್ಮ ಸುಮ್ಮನಿದ್ದಾನು?

ಮುಂದಿನದ್ದು ಪಕ್ಷ ಕಟ್ಟುವ ಕೆಲಸ. ವಿಕ್ರಮಾದಿತ್ಯ ಚೋಳ ವೀರರಾಜೇಂದ್ರನ ಮಗಳನ್ನು ಮದುವೆಯಾದ. ಮಾವ 1070ರಲ್ಲಿ ತೀರಿಕೊಂಡ. ಪಟ್ಟವೇರಿದ ಭಾವಮೈದುನ ಕೆಲವೇ ತಿಂಗಳಲ್ಲಿ ಸತ್ತ. ಚೋಳ ಗದ್ದುಗೆ ಕುಲೋತ್ತುಂಗನದಾಯಿತು. ಸೋಮೇಶ್ವರ ತಡಮಾಡದೆ ಕುಲೋತ್ತುಂಗನ ಕೈಹಿಡಿದ. ವಿಕ್ರಮಾದಿತ್ಯನ ಬೆನ್ನಿಗೆ ನಿಂತವರು ಗೋವೆಯ ಕದಂಬರು, ಹೊಯ್ಸಳರು, ಸೇವುಣರು. 1076ರಲ್ಲಿ ಮುಂದೆ ಚೋಳ, ಹಿಂದೆ ಅಣ್ಣ, ನಡುವೆ ತಮ್ಮ. ಗೆದ್ದವನು ತಮ್ಮ, ಅಣ್ಣ ಸೆರೆಯಾದ.

ಈ ಕಥೆಯನ್ನು ವಿಸ್ತಾರವಾಗಿ ಹೇಳಿದವನು ಬಿಲ್ಹಣ. ಕಾಶ್ಮೀರದಿಂದ ಬಂದು ವಿಕ್ರಮಾದಿತ್ಯನ ಆಸ್ಥಾನ ಸೇರಿದ ಕವಿ. ಅವನ ಪ್ರಕಾರ ತಂದೆ ಯುವರಾಜ ಪಟ್ಟ ಕೊಡಲು ಬಂದರೂ ವಿಕ್ರಮಾದಿತ್ಯ ‘ಅಣ್ಣನಿಗಿರಲಿ’ ಎಂದನಂತೆ. ಕೊನೆಗೆ ಶಿವನೇ ಹೇಳಿದ ಮೇಲೆ ಯುದ್ಧಕ್ಕೆ ಇಳಿದನಂತೆ. ಗೆದ್ದವನ ಅನ್ನ ಉಂಡವನ ಮಾತು ಇದು. ಸೋತ ಸೋಮೇಶ್ವರನಿಗೆ ಅಂಥ ಕವಿ ಇರಲಿಲ್ಲ.

ಗೆದ್ದವನು ಕಾಲವನ್ನೂ ತನ್ನದಾಗಿಸಿಕೊಂಡ. ಶಕವರ್ಷದ ಬದಲು ಚಾಲುಕ್ಯ ವಿಕ್ರಮ ವರ್ಷ ಶುರುವಾಯಿತು. ಯಾವುದೋ ಗುಡಿಯ ನಂದಾದೀಪಕ್ಕೆ ಗಾಣದ ಎಣ್ಣೆ ಬಿಟ್ಟ ದಾನಕ್ಕೂ ಲೆಕ್ಕ ಹಿಡಿದದ್ದು ಅಣ್ಣ ಸೋತ ವರ್ಷದಿಂದ.

ಆದರೆ ಜಗಳ ಮುಗಿಯಲಿಲ್ಲ. ಜೊತೆಗಿದ್ದ ಕಿರಿಯ ತಮ್ಮ ಜಯಸಿಂಹನಿಗೆ ಯುವರಾಜ ಪದವಿಯೂ ಬನವಾಸಿಯೂ ಸಿಕ್ಕಿದ್ದವು. ಆರೇಳು ವರ್ಷದಲ್ಲಿ ಅವನೂ ತಿರುಗಿಬಿದ್ದ. ಕೃಷ್ಣೆಯ ದಂಡೆಯ ತನಕ ದಂಡು ತಂದ, ಸೋತ, ಸಿಕ್ಕಿಬಿದ್ದ. ಎರಡೂ ಸಲ ಜಗಳದ ನಡುವೆ ಇದ್ದದ್ದು ಇದೇ ಬನವಾಸಿ ಸೀಮೆ. ಮಲೆನಾಡಿನ ಅಂಚು, ಕೆರೆ ನೀರಿನ ಗದ್ದೆ, ಘಟ್ಟ ಇಳಿದರೆ ಕಡಲು: ಇದನ್ನು ಬಿಟ್ಟುಕೊಡುವ ದೊರೆ ಇರಲಿಲ್ಲ.

   

ವಿಕ್ರಮಾದಿತ್ಯ ತನ್ನ ಗೆಲುವಿಗೆ ತೆತ್ತ ನಿಜವಾದ ಬೆಲೆ ಬೆನ್ನಿಗೆ ನಿಂತ ಸಾಮಂತರ ಕಡೆಯಿಂದಲೇ ಬಂತು. ಒಬ್ಬ ಚಾಲುಕ್ಯನನ್ನು ಇಳಿಸಿ ಇನ್ನೊಬ್ಬನನ್ನು ಕೂರಿಸಿದವರಿಗೆ ಆ ಗದ್ದುಗೆ ಎಷ್ಟು ಎತ್ತರ ಎಂಬುದು ಗೊತ್ತಾಗಿಹೋಗಿತ್ತು. ಮಂಗಳವೇಡೆಯ ಬಿಜ್ಜಳ, ದ್ವಾರಸಮುದ್ರದ ಹೊಯ್ಸಳ, ಉತ್ತರದ ಸೇವುಣ ಎಲ್ಲರೂ ಅದನ್ನೇ ಅಳೆಯುತ್ತಿದ್ದರು. ಹೊಯ್ಸಳ ವಿಷ್ಣುವರ್ಧನನಂತೂ ಹಾನಗಲ್ಲನ್ನು ಹಿಡಿದು, ಕೊನೆಯ ವರ್ಷಗಳಲ್ಲಿ ಬಂಕಾಪುರದಲ್ಲೇ ನೆಲೆಯೂರಿದ. ಅಲ್ಲಿನ ಕೋಟೆಯಲ್ಲೀಗ ನವಿಲುಗಳ ರಾಜ್ಯ. ನಗರೇಶ್ವರನ ಅರವತ್ತು ಕಂಬದ ಗುಡಿ ಉಳಿದಿದೆ.

ಒಡೆದ ಗದ್ದುಗೆಯ ಲೆಕ್ಕ ನೋಡಬೇಕಾದವರು ಹಿರೇಕೆರೂರು ಸೀಮೆಯ ಅಬ್ಬಲೂರಿಗೆ ಹೋಗಬೇಕು. ಸೋಮೇಶ್ವರ ಗುಡಿಯ ಶಾಸನ ಅಲ್ಲಿದೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ತಲೆಯನ್ನೇ ಅರಿದುಕೊಟ್ಟು ಮರಳಿ ಪಡೆದ ಕಥೆ ಎಲ್ಲರ ಬಾಯಲ್ಲಿದೆ. ಅದೇ ಕಲ್ಲಿನಲ್ಲಿರುವ ದಾನದ ಸಾಲುಗಳತ್ತ ಕಣ್ಣು ಹೋಗುವುದು ಕಡಿಮೆ. ಅವನ್ನು ಉತಾರದಂತೆ ಓದಬೇಕು. ಮೊದಲು ರಾಮಯ್ಯನಿಗೆ ಜಯಪತ್ರ ಕೊಟ್ಟು ದತ್ತಿ ಬಿಟ್ಟವನು ಬಿಜ್ಜಳ, 1157ರ ಸುಮಾರಿಗೆ ಚಾಲುಕ್ಯರ ಗದ್ದುಗೆ ಕಸಿದವನು. ಆಮೇಲೆ ದತ್ತಿ ಬಿಟ್ಟವನು ನಾಲ್ಕನೆಯ ಸೋಮೇಶ್ವರ, 1183–84ರಲ್ಲಿ ದಂಡನಾಯಕ ಬ್ರಹ್ಮನ ಬಲದಿಂದ ಅದನ್ನು ಮರಳಿ ಪಡೆದ ಕೊನೆಯ ಚಾಲುಕ್ಯ. ಕೆಲವೇ ವರ್ಷಗಳಲ್ಲಿ ಉತ್ತರದಿಂದ ಸೇವುಣ ಭಿಲ್ಲಮ, ದಕ್ಷಿಣದಿಂದ ಬಲ್ಲಾಳ ಆ ರಾಜ್ಯವನ್ನು ಹರಿದು ಹಂಚಿಕೊಂಡರು. ಮೂರನೆಯ ಹೆಸರು ಕಲ್ಯಾಣದ್ದಲ್ಲ, ಹಾನಗಲ್ಲಿನ ಕಾಮದೇವನದು. ಅವನು ಕೊಟ್ಟದ್ದು ಮುಂಡಗೋಡ ಬಳಿಯ ಮಳವಳ್ಳಿ ಎಂಬ ಊರು.

ಸೋಹಣಿ ಪ್ರಾಣ ಕೊಟ್ಟದ್ದು ಈ ಕಾಮದೇವನಿಗಾಗಿ. ಆನೆಕೆರೆಯಿಂದ ಹಿಂದೆ ಸರಿದ ಬಲ್ಲಾಳ ಬಹಳ ಕಾಲ ಸುಮ್ಮನಿರಲಿಲ್ಲ. ಕೊನೆಗೆ ಪಾನುಂಗಲ್ ಐನೂರು, ಅಂದರೆ ಹಾನಗಲ್ಲಿನ ನಾಡು, ಅವನಿಗೇ ಸೇರಿತು.