ಸೇವೆಯ ಕರೆ ಮತ್ತು ವಿವೇಚನೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯು ತನ್ನ ಮಕ್ಕಳನ್ನು ಮರಳಿ ಕರೆದಾಗ, ಇಲ್ಲಿ ಕಲಿತ ವಿದ್ಯೆ ಯಾರ ಉಪಯೋಗಕ್ಕೆ ಬಂತು ಎಂದು ಕೇಳುವುದು ಸಹಜ. ನಮ್ಮಲ್ಲಿ ಕಲಿತ ಕೆಲವು ಕ್ರೈಸ್ತ ತರುಣ ತರುಣಿಯರು ಪದವಿ ಮುಗಿಸಿ, ಒಂದೆರಡು ವರ್ಷ ದೂರದ ಊರುಗಳಲ್ಲಿ ಸ್ವಯಂಸೇವೆ ಮಾಡಬೇಕೆಂಬ ಹಂಬಲ ಹೊತ್ತಿದ್ದಾರೆ. ಇದು ದೇವರ ಕರೆಯೋ, ವಯಸ್ಸಿನ ಹುಮ್ಮಸ್ಸೋ ಎಂದು ತಿಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯೇ ನನ್ನ ಇಂದಿನ ವಿಷಯ. ಅನ್ಯಧರ್ಮದ ಬಂಧುಗಳಿಗೂ ಇದು ಪರಕೀಯವಾಗದೆಂದು ನಂಬಿದ್ದೇನೆ.

ಪವಿತ್ರ ಗ್ರಂಥದಲ್ಲಿ ಬಾಲಕ ಸಮುವೇಲನ ವೃತ್ತಾಂತವಿದೆ. ರಾತ್ರಿ ತನ್ನನ್ನು ಯಾರೋ ಕೂಗಿದಂತಾಗಿ, ವೃದ್ಧ ಯಾಜಕ ಏಲಿಯೇ ಕರೆದನೆಂದು ತಿಳಿದು ಅವನು ಮೂರು ಸಲ ಓಡಿಬಂದ. ಕರೆಯು ಬಾಲಕನದೇ ಆಗಿದ್ದರೂ ಅದನ್ನು ಗುರುತಿಸಲು ಹಿರಿಯನೊಬ್ಬ ಬೇಕಾಯಿತು. ಏಲಿಯು ಉತ್ತರಿಸುವ ಬಗೆಯನ್ನು ಕಲಿಸಿದನೇ ಹೊರತು ಬಾಲಕನ ಪರವಾಗಿ ತಾನೇ ಉತ್ತರಿಸಲಿಲ್ಲ. ಆದುದರಿಂದ ಯುವಕರಿಗೆ ನನ್ನ ಮೊದಲ ಮಾತು: ಒಬ್ಬರೇ ನಿರ್ಧರಿಸಬೇಡಿ. ಹೆತ್ತವರಿಗೆ ಮತ್ತು ಸಭೆಯ ಹಿರಿಯರಿಗೆ ನನ್ನ ಮಾತು: ಅವರ ಪರವಾಗಿ ನೀವು ನಿರ್ಧರಿಸಬೇಡಿ.

ಎರಡನೆಯದು, ಮನಸ್ಸಿನ ಚಲನೆಯನ್ನು ಗಮನಿಸುವುದು. 1521ರಲ್ಲಿ ಪಾಂಪ್ಲೋನದ ಕೋಟೆಯ ಕಾಳಗದಲ್ಲಿ ಕಾಲು ಮುರಿದುಕೊಂಡ ಸ್ಪೇನಿನ ಯೋಧ ಇಗ್ನೇಷಿಯಸ್ ಲೊಯೋಲ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ವೀರಕೀರ್ತಿಯ ಕನಸುಗಳು ಕಾಣುವಾಗ ಇಂಪಾಗಿದ್ದು ಬಳಿಕ ಮನಸ್ಸನ್ನು ಬರಿದಾಗಿಸುತ್ತಿದ್ದವು. ಸಂತರಂತೆ ಬಾಳುವ ಆಲೋಚನೆಯ ಸಂತೋಷ ಮಾತ್ರ ಆಲೋಚನೆ ಮುಗಿದ ಮೇಲೂ ಉಳಿಯುತ್ತಿತ್ತು. ಅವರ ವಿವೇಚನಾಕ್ರಮಕ್ಕೆ ಈ ವ್ಯತ್ಯಾಸವೇ ಬುನಾದಿ. ಮನಸ್ಸು ಕುಗ್ಗಿದ ಕಾಲದಲ್ಲಿ ಹಿಂದಿನ ತೀರ್ಮಾನವನ್ನು ಬದಲಿಸಬಾರದೆಂದೂ ಅವರು ಬೋಧಿಸಿದರು. ಉದ್ಯೋಗ ಸಿಗದ ನಿರಾಶೆ, ಮನೆಯೊಳಗಿನ ಕಲಹ, ಮುರಿದುಬಿದ್ದ ಮದುವೆ ಮಾತುಕತೆ ಇವುಗಳಿಂದ ತಪ್ಪಿಸಿಕೊಳ್ಳಲು ಹೊರಡುವವರು ಸೇವೆಯ ಹೆಸರಿನಲ್ಲಿ ಪಲಾಯನ ಮಾಡುತ್ತಾರೆ. ಅಂಥವರು ಆರು ತಿಂಗಳು ಕಾಯಲಿ. ನಿಜವಾದ ಕರೆಯು ಕಾಯುವುದರಿಂದ ಕ್ಷೀಣಿಸುವುದಿಲ್ಲ.

ಕೆಲವೊಮ್ಮೆ ಕರೆಯು ನಮ್ಮ ಇಷ್ಟಕ್ಕೆ ವಿರುದ್ಧವಾಗಿಯೂ ಬರುತ್ತದೆ. ಐಡಾ ಸ್ಕಡರ್ ಮಿಷನರಿ ಮನೆತನದಲ್ಲಿ ಹುಟ್ಟಿದರೂ ಅಮೆರಿಕದಲ್ಲೇ ನೆಲೆಸಬಯಸಿದ್ದರು. ತಾಯಿಯ ಅಸ್ವಾಸ್ಥ್ಯದ ನಿಮಿತ್ತ ತಮಿಳುನಾಡಿನ ತಿಂಡಿವನಕ್ಕೆ ಬಂದಿದ್ದಾಗ, ಒಂದೇ ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರಾಗಿ ಬಂದು, ಹೆರಿಗೆಯ ಸಂಕಟದಲ್ಲಿದ್ದ ತಮ್ಮ ಪತ್ನಿಯರನ್ನು ಉಳಿಸೆಂದು ಬೇಡಿದರು. ಆಕೆ ವೈದ್ಯೆಯಲ್ಲ, ವೈದ್ಯರಾಗಿದ್ದ ತಂದೆಯನ್ನು ಕಳುಹಿಸುತ್ತೇನೆಂದರೆ, ಪರಪುರುಷರು ಮುಟ್ಟಲಾಗದೆಂದು ಅವರು ಒಪ್ಪಲಿಲ್ಲ. ಆ ಮೂವರು ತಾಯಂದಿರೂ ಬದುಕಲಿಲ್ಲ. ಮರುದಿನವೇ ಆಕೆ ಔಷಧಿ ಪೆಟ್ಟಿಗೆ ಹಿಡಿದು ಊರೂರು ಸುತ್ತಲಿಲ್ಲ ಎಂಬುದನ್ನು ಗಮನಿಸಬೇಕು. ಅಮೆರಿಕಕ್ಕೆ ಮರಳಿ, ವೈದ್ಯಶಾಸ್ತ್ರವನ್ನು ಕಲಿತು, 1899ರಲ್ಲಿ ಪದವಿ ಪಡೆದು, 1900ರಲ್ಲಿ ಹಿಂದಿರುಗಿ ವೆಲ್ಲೂರಿನಲ್ಲಿ ಚಿಕ್ಕದೊಂದು ಚಿಕಿತ್ಸಾಲಯದಿಂದ ತೊಡಗಿದರು. 1918ರಲ್ಲಿ ಅಲ್ಲಿ ಮಹಿಳೆಯರಿಗಾಗಿ ವೈದ್ಯಕೀಯ ಶಾಲೆ ಆರಂಭವಾಯಿತು. ಕರೆ ಬಂದದ್ದು ಒಂದು ರಾತ್ರಿಯಲ್ಲಿ. ಅದಕ್ಕೆ ಅರ್ಹರಾಗಲು ವರ್ಷಗಳೇ ಹಿಡಿದವು.

ಸೇವೆಗೆ ಹೋಗುವವರು ಕಲಿಸಲು ಹೋಗುವುದಕ್ಕಿಂತ ಹೆಚ್ಚಾಗಿ ಕಲಿಯಲು ಹೋಗಬೇಕು. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ ಕನ್ನಡ ಕಲಿತು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ತಮ್ಮ ಮತದ್ದಲ್ಲದ ಹರಿದಾಸರ ಪದಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾದದ್ದು 1894ರಲ್ಲಿ. ಎಪ್ಪತ್ತು ಸಾವಿರದಷ್ಟು ಶಬ್ದಗಳ ಆ ಗ್ರಂಥದ ಹಿಂದೆ, ಈ ನೆಲದ ಜನರ ಮುಂದೆ ದೀರ್ಘಕಾಲ ವಿದ್ಯಾರ್ಥಿಯಾಗಿ ಕುಳಿತ ವಿನಯವಿದೆ. ಹೋಗುವ ಊರಿನ ಭಾಷೆಯನ್ನು ಕಲಿಯಲು ಮನಸ್ಸಿಲ್ಲದವರು ಅಲ್ಲಿಗೆ ಕರೆಯಲ್ಪಟ್ಟಿಲ್ಲ ಎಂದೇ ನನ್ನ ಅಭಿಮತ. ಪರಿಸರದ ಭಾಷೆ ಒಂದು, ತರಗತಿಯ ಭಾಷೆ ಇನ್ನೊಂದು ಆಗಿರುವ ಈ ಗಡಿನಾಡಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಮಾತನ್ನು ಅರಿಯದೆ ನಮಗೆ ಉಪಕಾರ ಮಾಡಬಂದವರನ್ನು ನಾವು ಕಂಡವರು.

ಕೊಡುವವರ ಕೈ ಮೇಲಿರುವುದರಿಂದ ಅಹಂಕಾರ ಬೇಗ ಅಂಟಿಕೊಳ್ಳುತ್ತದೆ. ಕ್ರಿಸ್ತರು ಹೇಳಿದ ಸಾಮತಿಯಲ್ಲಿ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿನ ಮತವನ್ನು ಕೇಳಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಿ, ಛತ್ರದ ಖರ್ಚನ್ನೂ ತಾನೇ ಕೊಟ್ಟು ಹೋದ. ಔಷಧಿಗೋ ಅಕ್ಷರಕ್ಕೋ ಪ್ರತಿಯಾಗಿ ನಂಬಿಕೆಯನ್ನು ಬಯಸಿದರೆ ಅದು ಸೇವೆಯಾಗದೆ ವ್ಯಾಪಾರವಾಗುತ್ತದೆ.

ದೂರ ಹೋಗುವ ಮುನ್ನ ಹತ್ತಿರದ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಎರಡು ದಶಕಗಳಿಗೂ ಮಿಕ್ಕಿ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮೊದಲಾದ ಊರುಗಳ ಹೆಸರು ದೇಶಕ್ಕೆ ತಿಳಿದದ್ದು ಅಲ್ಲಿನ ಮಕ್ಕಳ ನೋವಿನಿಂದ. ಬೆಳೆದ ಮಗನನ್ನು ಇಂದಿಗೂ ಎತ್ತಿ ಮೀಯಿಸಿ, ತುತ್ತು ಕೊಡುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಅಂಥ ಒಂದು ಮನೆಗೆ, ಒಂದು ಬಡ್ಸ್ ಶಾಲೆಗೆ ಅಥವಾ ಸಾಂತ್ವನ ಚಿಕಿತ್ಸಾ ತಂಡದ ಜೊತೆಗೆ ಆರು ತಿಂಗಳ ಕಾಲ ಪ್ರತಿ ಶನಿವಾರ ಹೋಗಿ. ಛಾಯಾಚಿತ್ರ ಬೇಡ, ಪ್ರಮಾಣಪತ್ರ ಬೇಡ. ಆ ತಾಯಿಗೆ ಎರಡು ಗಂಟೆ ವಿಶ್ರಾಂತಿ ಸಿಕ್ಕರೆ ಸಾಕು. ಇಪ್ಪತ್ತನೆಯ ಶನಿವಾರವೂ ಹೊರಡುವ ಮನಸ್ಸಿದ್ದರೆ, ನಿಮ್ಮ ಹಂಬಲವನ್ನು ಕರೆಯೆಂದು ಕರೆಯಲು ಧೈರ್ಯವಾಗುತ್ತದೆ.

ಹೀಗೆ ಪರೀಕ್ಷಿಸಿದ ಬಳಿಕ ಕೆಲವರಿಗೆ ಉಳಿಯುವುದೇ ತಮ್ಮ ಕರೆಯೆಂದು ತೋರಬಹುದು. ಮನೆಯ ಸಾಲ, ತಂಗಿಯ ಓದು, ಹಾಸಿಗೆ ಹಿಡಿದ ತಂದೆ ಇವು ದೈವಕರೆಗೆ ಅಡ್ಡಬಂದ ಕಲ್ಲುಗಳಲ್ಲ. ಕರೆಯೇ ಆ ರೂಪದಲ್ಲಿ ಬಂದಿರಬಹುದು. ಹೊರಟವರನ್ನು ಹೊಗಳಿ, ಉಳಿದವರನ್ನು ಮರೆಯುವ ಸಭೆಯಾಗಲೀ ಶಾಲೆಯಾಗಲೀ ನಮ್ಮದಾಗದಿರಲಿ.

ಹೊರಡುವವರು ಯಾವ ಊರು, ಎಷ್ಟು ಕಾಲ, ಯಾವ ಕೆಲಸ, ಕಾಯಿಲೆ ಬಿದ್ದರೆ ನೋಡುವವರಾರು ಎಂಬುದನ್ನು ಮೊದಲೇ ಕೇಳಿ ತಿಳಿಯಿರಿ. ದೇವರಲ್ಲಿ ಭರವಸೆ ಇಡುವವರಿಗೆ ಈ ವಿಚಾರಣೆ ಅಪಚಾರವಲ್ಲ. ಹೋದವರಿಗೂ ಉಳಿದವರಿಗೂ ಈ ಶಾಲೆಯ ಬಾಗಿಲು ಸದಾ ತೆರೆದಿರುತ್ತದೆ. ಕೊಡಲು ನಮ್ಮಲ್ಲಿ ಹೆಚ್ಚಿನದೇನಿಲ್ಲದಿದ್ದರೂ, ಕೇಳಿಸಿಕೊಳ್ಳುವ ಕಿವಿಗಳಿವೆ.